ಹೊಸ ನೆಲಜೀರುಂಡೆ ಸಿಕ್ಕಿದೆ ಅನ್ನಿಸಿದಾಗ: ಕೂದಲು ಎಣಿಸುವುದರಿಂದ ಹೆಸರಿಡುವವರೆಗೆ

ಸೂಕ್ಷ್ಮದರ್ಶಕದ ಕೆಳಗೆ ಕಪ್ಪಗೆ ಹೊಳೆಯುವ ಒಂದು ಜೀರುಂಡೆ. ಉದ್ದ 9 ಮಿಲಿಮೀಟರ್. ನೀವು ಅದರ ಕಣ್ಣಿನ ಒಳಅಂಚಿನಲ್ಲಿ ಕೂದಲು ಎಣಿಸುತ್ತಿದ್ದೀರಿ. ಈ ಕುಲದ ಜೀರುಂಡೆಗಳಿಗೆ ಪ್ರತಿ ಕಣ್ಣಿನ ಮೇಲೆ ಎರಡು ಉದ್ದ ಕೂದಲು ಇರಬೇಕು. ಇಲ್ಲಿ ಒಂದೇ ಕಾಣುತ್ತಿದೆ. ಇನ್ನೊಂದು ಉದುರಿಹೋಗಿದೆಯೇನೋ ಅಂತ ದೀಪವನ್ನು ಓರೆ ಮಾಡಿ ನೋಡುತ್ತೀರಿ. ಕೂದಲು ಉದುರಿದರೂ ಅದು ನಿಂತಿದ್ದ ಗುಳಿ ಉಳಿಯುತ್ತದೆ. ಗುಳಿಯೂ ಇಲ್ಲ. ಆಗ ಎದೆ ಸ್ವಲ್ಪ ಜೋರಾಗಿ ಬಡಿದುಕೊಳ್ಳುತ್ತದೆ, ಅಲ್ವಾ?

ಅಲ್ಲಿಂದ ಹಿಡಿದು ಹೆಸರು ಅಚ್ಚಾಗುವವರೆಗಿನ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ದಾರಿ ಉದ್ದವಿದೆ. ಒಂದು ಹೊಸ ಪ್ರಭೇದದ ಮೊದಲ ಮಾದರಿ ಸಿಕ್ಕ ದಿನದಿಂದ ಅದರ ವಿವರಣೆ ಪ್ರಕಟವಾಗುವ ದಿನದವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆ ಎಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಷ್ಟು ವರ್ಷ ಆ ಜೀವ ಯಾವುದೋ ಪೆಟ್ಟಿಗೆಯಲ್ಲಿ ಹೆಸರಿಲ್ಲದೆ ಕಾಯುತ್ತಿರುತ್ತದೆ. ಕೆಲಸ ಗೊತ್ತಿರುವ ಕೈಗಳು ಕಡಿಮೆ ಇರುವುದೂ ಇದಕ್ಕೆ ಒಂದು ಕಾರಣ. ಆದ್ದರಿಂದ ಈ ಕೆಲಸ ಕಲಿಯುವವರು ಜಾಸ್ತಿಯಾಗಲಿ ಅನ್ನುವುದು ನನ್ನ ಮನಸ್ಸಿನ ಆಸೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದ ಜೀವ ಒಂದೇ ಪ್ರಶ್ನೆಯಲ್ಲಿದೆ: ಹತ್ತಿರದ ನಂಟರಿಂದ ಇದು ಹೇಗೆ ಬೇರೆ? ಜೀರುಂಡೆಯನ್ನು ಎಷ್ಟು ಚೆನ್ನಾಗಿ ಬಣ್ಣಿಸಿದರೂ ಈ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಆ ಬರಹ ಯಾರಿಗೂ ಉಪಯೋಗವಿಲ್ಲ.

ಅದು ನೆಲಜೀರುಂಡೆಯೇ ಹೌದಾ?

ನೆಲಜೀರುಂಡೆಗಳ ಕುಟುಂಬದ ಹೆಸರು ಕ್ಯಾರಾಬಿಡೇ. ಇದರಲ್ಲಿ ಈವರೆಗೆ ಸುಮಾರು 40,000 ಪ್ರಭೇದಗಳಿಗೆ ಹೆಸರಿಡಲಾಗಿದೆ. ಜೀರುಂಡೆಯನ್ನು ಬೆನ್ನಡಿ ಮಾಡಿ ಹೊಟ್ಟೆಯ ಕಡೆ ನೋಡಿ. ಹಿಂಗಾಲಿನ ಬುಡದ ಗಟ್ಟಿ ತಟ್ಟೆ ಹಿಂದಕ್ಕೆ ಚಾಚಿ, ಹೊಟ್ಟೆಯ ಮೊದಲ ಪಟ್ಟಿಯನ್ನು ಎರಡು ತುಂಡು ಮಾಡಿರುತ್ತದೆ. ಅದರ ಪಕ್ಕದಲ್ಲೇ ತೊಡೆಯ ಬುಡಕ್ಕೆ ಅಂಟಿಕೊಂಡ ದೊಡ್ಡ ಉಬ್ಬು ಇರುತ್ತದೆ. ಮೀಸೆಯಲ್ಲಿ 11 ಗೆಣ್ಣು. ಎಲ್ಲಾ ಕಾಲುಗಳ ಪಾದದಲ್ಲೂ ಐದೈದು ಗೆಣ್ಣು. ಮುಂಗಾಲಿನ ಒಳಬದಿಯಲ್ಲಿ ಹೆಚ್ಚಿನವಕ್ಕೆ ಒಂದು ಕಚ್ಚು ಇರುತ್ತದೆ, ಮೀಸೆಯನ್ನು ಅದರಲ್ಲಿ ಎಳೆದು ಶುಚಿ ಮಾಡಿಕೊಳ್ಳುತ್ತವೆ. ಇಷ್ಟು ಸರಿಹೋದರೆ ಕುಟುಂಬ ಸಿಕ್ಕಿತು. ಅಲ್ಲಿಂದ ಗುರುತಿನ ಕೀಲಿ (ಲಕ್ಷಣಗಳನ್ನು ಒಂದೊಂದಾಗಿ ಕೇಳುತ್ತಾ ಹೆಸರಿನತ್ತ ಒಯ್ಯುವ ಪಟ್ಟಿ) ಹಿಡಿದು ಬುಡಕಟ್ಟು, ಅಂದರೆ ಕುಟುಂಬಕ್ಕೂ ಕುಲಕ್ಕೂ ನಡುವಿನ ಗುಂಪು, ಆಮೇಲೆ ಕುಲದವರೆಗೆ ಇಳಿಯಬೇಕು. ಕುಲ ಖಚಿತವಾಗದೆ ಮುಂದಕ್ಕೆ ಹೋಗಬೇಡಿ.

ನಿಮ್ಮ ಅನುಮಾನವನ್ನೇ ಅನುಮಾನಿಸಿ

ಕಲಿಯುವ ದಿನಗಳಲ್ಲಿ ನನಗೆ ಒಂದು ಜೀರುಂಡೆ ಸಿಕ್ಕಿತ್ತು. ಅದರ ನಂಟರೆಲ್ಲ ಅಚ್ಚಕಪ್ಪು, ಇದು ಮಾತ್ರ ತಿಳಿಕಂದು. ಹೊಸದೇ ಅಂತ ನಂಬಿ ಹಲವು ತಿಂಗಳು ಟಿಪ್ಪಣಿ ಬರೆದೆ. ಒಂದು ದಿನ ಹಿರಿಯರೊಬ್ಬರು ಚಿಮಟದ ತುದಿಯಿಂದ ಅದರ ಬೆನ್ನನ್ನು ಮೆಲ್ಲಗೆ ಒತ್ತಿದರು. ಚಿಪ್ಪು ಒಳಕ್ಕೆ ಬಾಗಿತು. ಅದು ಆಗಷ್ಟೇ ಕೋಶದಿಂದ ಹೊರಬಂದಿದ್ದ ಎಳೆಯ ಜೀರುಂಡೆ. ಮೈ ಗಟ್ಟಿಯಾಗಿರಲಿಲ್ಲ, ಬಣ್ಣ ಕೂಡಿರಲಿಲ್ಲ. ಇನ್ನಷ್ಟು ದಿನ ಬದುಕಿದ್ದರೆ ಅದೂ ಕಪ್ಪಾಗುತ್ತಿತ್ತು. ಅಂದಿನಿಂದ ನಾನು ಬಣ್ಣವನ್ನು ಕೊನೆಯ ಸಾಕ್ಷಿ ಅಂತ ಇಟ್ಟುಕೊಂಡಿದ್ದೇನೆ.

ಹೀಗೆ ದಾರಿ ತಪ್ಪಿಸುವವು ಇನ್ನೂ ಕೆಲವಿವೆ. ಗಂಡು ಹೆಣ್ಣುಗಳ ವ್ಯತ್ಯಾಸವನ್ನು ಪ್ರಭೇದದ ವ್ಯತ್ಯಾಸ ಅಂದುಕೊಳ್ಳುವುದು ಸುಲಭ. ಹೆಚ್ಚಿನ ಗುಂಪುಗಳಲ್ಲಿ ಗಂಡಿನ ಮುಂಗಾಲಿನ ಪಾದದ ಮೊದಲ ಗೆಣ್ಣುಗಳು ಅಗಲವಾಗಿ, ಅಡಿಯಲ್ಲಿ ಅಂಟಿಕೊಳ್ಳುವ ಕೂದಲಿನ ಮೆತ್ತೆ ಇರುತ್ತದೆ. ಜೋಡಿಯಾಗುವಾಗ ಹೆಣ್ಣಿನ ಬೆನ್ನು ಹಿಡಿಯಲು ಅದು ಬೇಕು. ಗಾತ್ರವೂ ನಂಬಿಕೆಗೆ ತಕ್ಕದ್ದಲ್ಲ. ಮರಿಹುಳುವಾಗಿದ್ದಾಗ ಹೊಟ್ಟೆ ತುಂಬ ಸಿಗದಿದ್ದರೆ ಜೀರುಂಡೆ ಸಣ್ಣದಾಗಿಯೇ ಹುಟ್ಟುತ್ತದೆ. ಇನ್ನು ಒಳರೆಕ್ಕೆ: ಒಂದೇ ಪ್ರಭೇದದಲ್ಲಿ ಕೆಲವಕ್ಕೆ ಪೂರ್ತಿ ರೆಕ್ಕೆ, ಕೆಲವಕ್ಕೆ ಮೊಂಡು ರೆಕ್ಕೆ ಇರುವುದು ನೆಲಜೀರುಂಡೆಗಳಲ್ಲಿ ಹೊಸ ಸಂಗತಿಯೇನಲ್ಲ.

ಹಾಗಾಗಿ ಒಂದೇ ಮಾದರಿ ಇಟ್ಟುಕೊಂಡು ಕೂರಬೇಡಿ. ನಿಯಮದ ಪ್ರಕಾರ ಒಂದೇ ಮಾದರಿಯಿಂದಲೂ ಪ್ರಭೇದವನ್ನು ವಿವರಿಸಬಹುದು, ಕೆಲವೊಮ್ಮೆ ಬೇರೆ ದಾರಿಯೇ ಇರುವುದಿಲ್ಲ. ಗುಹೆಯೊಳಗಿನ ಕಣ್ಣಿಲ್ಲದ ಜೀರುಂಡೆಗಳು ಎರಡನೇ ಸಲ ಸಿಗದೇ ಹೋಗುವುದುಂಟು. ಆದರೆ ಮತ್ತೆ ಹೋಗಿ ಹುಡುಕಲು ಸಾಧ್ಯವಿದ್ದರೆ ಹುಡುಕಿ. ಹತ್ತು ಮಾದರಿ ಸಾಲಾಗಿ ಇಟ್ಟು ನೋಡಿದಾಗ ಯಾವ ಲಕ್ಷಣ ಅಲುಗಾಡುತ್ತದೆ, ಯಾವುದು ಗಟ್ಟಿಯಾಗಿ ನಿಲ್ಲುತ್ತದೆ ಅಂತ ತಾನಾಗಿಯೇ ಕಾಣುತ್ತದೆ.

ಹಿಡಿಯುವುದು, ಕಾಪಾಡುವುದು

ಸಂಗ್ರಹಕ್ಕೆ ಬೇಕಾದ ಅನುಮತಿಯನ್ನು ಮೊದಲು ಪಡೆಯಿರಿ. ಇದು ಬರೀ ಕಾಗದದ ಶಾಸ್ತ್ರ ಅಲ್ಲ. ಅನುಮತಿಯ ವಿವರ ಇಲ್ಲದಿದ್ದರೆ ಹಲವು ಪತ್ರಿಕೆಗಳು ಲೇಖನ ತೆಗೆದುಕೊಳ್ಳುವುದಿಲ್ಲ, ಸಂಗ್ರಹಾಲಯಗಳು ಮಾದರಿ ತೆಗೆದುಕೊಳ್ಳುವುದಿಲ್ಲ. ಮಾದರಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳಿಸುವುದಾದರೆ ಜೈವಿಕ ಸಂಪತ್ತಿನ ಬಳಕೆ ಮತ್ತು ಲಾಭ ಹಂಚಿಕೆಯ ಬಗ್ಗೆ 2014ರಲ್ಲಿ ಜಾರಿಗೆ ಬಂದ ನಗೋಯಾ ಒಪ್ಪಂದದ ಮಾತೂ ಬರುತ್ತದೆ.

ಹಿಡಿಯಲು ಸರಳ ಉಪಾಯ ಅಂದರೆ ನೆಲಕ್ಕೆ ಸಮವಾಗಿ ಹೂತಿಟ್ಟ ಲೋಟ. ರಾತ್ರಿ ಓಡಾಡುವ ಜೀರುಂಡೆ ಅದರೊಳಗೆ ಬೀಳುತ್ತದೆ. ಲೋಟದ ಬಾಯಿ ಮಣ್ಣಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೂ ಜೀರುಂಡೆ ಸುತ್ತಿಕೊಂಡು ಹೋಗುತ್ತದೆ, ಅದನ್ನು ಸರಿಯಾಗಿ ನೋಡಿಕೊಳ್ಳಿ. ಒಳಗೆ ಸ್ವಲ್ಪ ಪ್ರೊಪಿಲೀನ್ ಗ್ಲೈಕಾಲ್ ಹಾಕಿದರೆ ಮಾದರಿ ಕೊಳೆಯುವುದಿಲ್ಲ, ಬೇಗ ಆರುವುದೂ ಇಲ್ಲ. ಕಲ್ಲು ಎತ್ತಿ, ತರಗೆಲೆ ಜರಡಿ ಹಿಡಿದು, ತೊಗಟೆ ಸುಲಿದು ಹುಡುಕುವುದೂ ಬೇಕು. ಲೋಟಕ್ಕೆ ಬೀಳದ ಪ್ರಭೇದಗಳು ಬೇಕಾದಷ್ಟಿವೆ. ಎತ್ತಿದ ಕಲ್ಲನ್ನು ಇದ್ದ ಹಾಗೇ ಮರಳಿ ಇಡಿ, ಅದರಡಿಯ ತೇವವೇ ಉಳಿದವರ ಮನೆ.

ಬರಿಗೈಯಲ್ಲಿ ಹಿಡಿಯುವಾಗ ಹುಷಾರು. ಇವುಗಳ ಹೊಟ್ಟೆಯ ತುದಿಯಲ್ಲಿ ಗ್ರಂಥಿಗಳಿವೆ, ಉರಿಯುವ ದ್ರವ ಚಿಮ್ಮಿಸುತ್ತವೆ. ಬಾಂಬಾರ್ಡಿಯರ್ ಜೀರುಂಡೆ ಚಿಮ್ಮಿಸುವ ದ್ರವದ ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಚಾರ್ಲ್ಸ್ ಡಾರ್ವಿನ್ ವಿದ್ಯಾರ್ಥಿಯಾಗಿದ್ದಾಗ ತೊಗಟೆಯಡಿ ಎರಡು ನೆಲಜೀರುಂಡೆ ಕಂಡು ಒಂದೊಂದು ಕೈಯಲ್ಲಿ ಒಂದೊಂದು ಹಿಡಿದರು. ಅಷ್ಟರಲ್ಲಿ ಮೂರನೆಯದು ಕಂಡಿತು. ಕೈ ಖಾಲಿ ಮಾಡಿಕೊಳ್ಳಲು ಒಂದನ್ನು ಬಾಯಿಗೆ ಹಾಕಿಕೊಂಡರು. ನಾಲಗೆ ಸುಟ್ಟಿತು, ಉಗುಳಿದರು, ಅದೂ ಹೋಯಿತು, ಮೂರನೆಯದೂ ಹೋಯಿತು. ಸಣ್ಣ ಸೀಸೆಗಳನ್ನು ಬೇಕಾದುದಕ್ಕಿಂತ ಎರಡರಷ್ಟು ತೆಗೆದುಕೊಂಡು ಹೋಗಿ.

ಸಿಕ್ಕವುಗಳಲ್ಲಿ ಕೆಲವನ್ನು ಶೇಕಡಾ 95ರ ಎಥನಾಲ್‌ನಲ್ಲಿ ಹಾಕಿಡಿ, ಡಿಎನ್‌ಎ ಉಳಿಯುತ್ತದೆ. ಆದರೆ ಅದರಲ್ಲಿ ಮೈ ಸೆಟೆದುಕೊಂಡು ಕೀಲುಗಳು ಬಿಗಿಯಾಗುತ್ತವೆ. ಆದ್ದರಿಂದ ಉಳಿದವನ್ನು ಈಥೈಲ್ ಅಸಿಟೇಟ್ ಆವಿಯಲ್ಲಿ ಕೊಂದು, ಮೆತ್ತಗಿರುವಾಗಲೇ ಪಿನ್ನಿಗೋ ಕಾರ್ಡಿಗೋ ಏರಿಸಿ. ದೊಡ್ಡವಕ್ಕೆ ಪಿನ್ನನ್ನು ಬಲ ರೆಕ್ಕೆಗವಚದ ಮೂಲಕ ಚುಚ್ಚುತ್ತಾರೆ. ಸಣ್ಣವನ್ನು ತ್ರಿಕೋನದ ಕಾರ್ಡಿನ ತುದಿಗೆ ಅಂಟಿಸುತ್ತಾರೆ.

ಚೀಟಿಯನ್ನು ಅದೇ ದಿನ ಬರೆಯಿರಿ. ಜಾಗ, ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಹಿಡಿದ ಬಗೆ, ಹಿಡಿದವರ ಹೆಸರು. ತಿಂಗಳನ್ನು ಅಂಕಿಯಲ್ಲಿ ಬರೆದರೆ ದಿನ ಯಾವುದು, ತಿಂಗಳು ಯಾವುದು ಅಂತ ಮುಂದೆ ಗೊಂದಲವಾಗುತ್ತದೆ, ಅದಕ್ಕೇ ರೋಮನ್ ಅಂಕಿ ಅಥವಾ ಅಕ್ಷರ ಬಳಸುತ್ತಾರೆ. ಚೀಟಿ ಇಲ್ಲದ ಜೀರುಂಡೆ ಎಷ್ಟೇ ಅಪರೂಪದ್ದಾದರೂ ವಿಜ್ಞಾನಕ್ಕೆ ಅನಾಥ.

ಹಳೆಯ ಹೆಸರುಗಳ ನಡುವೆ

ಈಗ ಕುಳಿತು ಓದುವ ಕೆಲಸ. ಹೊಲದಲ್ಲಿ ಕಳೆದ ದಿನಗಳಿಗಿಂತ ಇದು ಜಾಸ್ತಿ ಸಮಯ ತಿನ್ನುತ್ತದೆ. ನಿಮ್ಮ ಕುಲದಲ್ಲಿ ಈವರೆಗೆ ಇಟ್ಟಿರುವ ಪ್ರತಿ ಹೆಸರನ್ನೂ ಪಟ್ಟಿ ಮಾಡಿ. ಚಾಲ್ತಿಯಲ್ಲಿರುವ ಹೆಸರುಗಳು ಮಾತ್ರ ಸಾಲದು. ಬೇರೆ ಪ್ರಭೇದದ ಜೊತೆ ಒಂದೇ ಅಂತ ಸೇರಿಸಿ ಬದಿಗಿಟ್ಟ ಹೆಸರುಗಳೂ ಬೇಕು. ನಿಮ್ಮ ಜೀರುಂಡೆ ಅಂಥ ಒಂದು ಮರೆತ ಹೆಸರಿನದ್ದೇ ಆಗಿರಬಹುದು. ಹಾಗಾದರೆ ಹಳೆಯ ಹೆಸರೇ ಎದ್ದು ನಿಲ್ಲುತ್ತದೆ, ಯಾಕೆಂದರೆ ಮೊದಲು ಇಟ್ಟ ಹೆಸರಿಗೆ ಮನ್ನಣೆ. ಪ್ರಾಣಿಗಳ ಹೆಸರಿನ ಲೆಕ್ಕ 1758ರಲ್ಲಿ ಲಿನೇಯಸ್ ಅವರ ಪಟ್ಟಿಯಿಂದ ಶುರುವಾಗುತ್ತದೆ. ಅಷ್ಟು ಹಿಂದಕ್ಕೆ ಹೋಗಬೇಕಾಗಿ ಬರಬಹುದು.

ಹಳೆಯ ಪುಸ್ತಕಗಳು ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. 1864ರಿಂದ ಈಚಿನ ಬರಹಗಳ ಜಾಡು ಹಿಡಿಯಲು ಜುವಾಲಾಜಿಕಲ್ ರೆಕಾರ್ಡ್ ಇದೆ. ಹಳೆಯ ವಿವರಣೆಗಳು ಲ್ಯಾಟಿನ್, ಫ್ರೆಂಚ್, ಜರ್ಮನ್‌ನಲ್ಲಿ ಇರುತ್ತವೆ. ಹೆದರಬೇಡಿ, ಬಳಸುವ ಪದಗಳು ಕೆಲವೇ ನೂರು. ಎರಡು ವಾರ ಕೂತರೆ ಕೈಗೆ ಹತ್ತುತ್ತವೆ.

ಆದರೆ ತೊಂದರೆ ಬೇರೆ ಕಡೆ ಇದೆ. "ಕಪ್ಪು, ಹೊಳಪು, ಕಾಲು ಕೆಂಪು, ರೆಕ್ಕೆಗವಚದಲ್ಲಿ ಗೀರು" ಎಂದು ಎರಡು ಸಾಲಿನಲ್ಲಿ ಮುಗಿಸಿದ ಹಳೆಯ ವಿವರಣೆ ನೂರಾರು ಜೀರುಂಡೆಗಳಿಗೆ ಹೊಂದುತ್ತದೆ. ಅದನ್ನು ಬರೆದವರ ತಪ್ಪೇನಿಲ್ಲ, ಅವರ ಮುಂದೆ ಆಗ ಇದ್ದಿದ್ದೇ ಅಷ್ಟು ಪ್ರಭೇದ. ಇಂಥ ಕಡೆ ಬರಹದಿಂದ ಉತ್ತರ ಸಿಗುವುದಿಲ್ಲ. ಅವರು ಕೈಯಲ್ಲಿ ಹಿಡಿದು ನೋಡಿದ ಅದೇ ಜೀರುಂಡೆಯನ್ನು ನೀವೂ ನೋಡಬೇಕು. ಹೆಸರಿಗೆ ಆಧಾರವಾದ ಆ ಮಾದರಿಯನ್ನೇ ಟೈಪ್ ಅನ್ನುವುದು. ಸಂಗ್ರಹಾಲಯದ ಮೇಲ್ವಿಚಾರಕರಿಗೆ ಪತ್ರ ಬರೆಯಿರಿ. "ನಿಮ್ಮಲ್ಲಿರುವ ಮಾದರಿಯ ಫೋಟೋ ಕಳಿಸಿ" ಅಂದರೆ ಸಾಲದು. "ಪ್ರೊನೋಟಮ್‌ನ (ಎದೆಯ ಮೇಲ್ಚಿಪ್ಪಿನ) ಹಿಂದಿನ ಮೂಲೆ, ಮೇಲಿನಿಂದ ಮತ್ತು ಪಕ್ಕದಿಂದ, ರೆಕ್ಕೆಗವಚದ ಮೂರನೇ ಪಟ್ಟಿಯ ಮೇಲಿನ ಕೂದಲುಗುಳಿಗಳು" ಅಂತ ಬಿಡಿಸಿ ಕೇಳಿ. ಕೇಳಿದ್ದು ಸ್ಪಷ್ಟವಾಗಿದ್ದರೆ ಕಳಿಸುವವರಿಗೂ ಸಲೀಸು.

ಏನು ನೋಡಬೇಕು

ಎರಡು ಪದ ಗೊತ್ತಿರಲಿ. ತಲೆಯ ಹಿಂದೆ ಗುರಾಣಿಯಂತೆ ಕೂತಿರುವ ಎದೆಯ ಮೇಲ್ಚಿಪ್ಪು ಪ್ರೊನೋಟಮ್. ಅದರ ಹಿಂದೆ ಬೆನ್ನನ್ನು ಮುಚ್ಚುವ ಎರಡು ಗಟ್ಟಿ ರೆಕ್ಕೆಗವಚಗಳು ಎಲಿಟ್ರಾ. ಎಲಿಟ್ರಾದ ಮೇಲೆ ಉದ್ದುದ್ದ ಗೀರುಗಳಿರುತ್ತವೆ, ಸಾಮಾನ್ಯವಾಗಿ ಪ್ರತಿ ಬದಿಗೆ ಎಂಟೋ ಒಂಬತ್ತೋ. ಗೀರುಗಳ ನಡುವಿನ ಪಟ್ಟಿಗಳನ್ನು ನಡುಗೆರೆಯಿಂದ ಹೊರಕ್ಕೆ ಎಣಿಸುತ್ತಾರೆ.

ನೆಲಜೀರುಂಡೆಯಲ್ಲಿ ಉದ್ದ ಕೂದಲುಗಳ ಜಾಗ ಒಂದು ನಕ್ಷೆಯ ಹಾಗೆ. ಕಣ್ಣಿನ ಮೇಲೆ ಎಷ್ಟು, ಪ್ರೊನೋಟಮ್‌ನ ಅಂಚಿನಲ್ಲಿ ಎಷ್ಟು, ಹಿಂದಿನ ಮೂಲೆಯಲ್ಲಿ ಇದೆಯೇ, ಎಲಿಟ್ರಾದ ಮೂರನೇ ಪಟ್ಟಿಯಲ್ಲಿ ಎಷ್ಟು, ಹೊರಅಂಚಿನ ಸಾಲು ಮಧ್ಯದಲ್ಲಿ ತುಂಡಾಗಿದೆಯೇ, ಹೊಟ್ಟೆಯ ಕೊನೆಯ ಪಟ್ಟಿಯಲ್ಲಿ ಎಷ್ಟು. ಎರಡೂ ಬದಿ ಎಣಿಸಿ. ಒಂದು ಬದಿಯಲ್ಲಿ ಮಾತ್ರ ಹೆಚ್ಚು ಕಡಿಮೆ ಇದ್ದರೆ ಅದು ಆ ಜೀರುಂಡೆಯ ಏರುಪೇರು, ಪ್ರಭೇದದ ಗುರುತಲ್ಲ.

ಇನ್ನೊಂದು ಲಕ್ಷಣವನ್ನು ಹೊಸಬರು ತಪ್ಪಿಸಿಕೊಳ್ಳುತ್ತಾರೆ: ಚಿಪ್ಪಿನ ಮೇಲಿನ ಸೂಕ್ಷ್ಮ ಬಲೆ. ಹೆಚ್ಚು ಹಿಗ್ಗಿಸಿ, ದೀಪದ ಮುಂದೆ ಟ್ರೇಸಿಂಗ್ ಕಾಗದ ಹಿಡಿದು ಬೆಳಕನ್ನು ಮೃದುವಾಗಿಸಿ ನೋಡಿ. ನುಣುಪಾಗಿ ಕಂಡಿದ್ದ ಮೈಮೇಲೆ ಸಣ್ಣ ಸಣ್ಣ ಕಣ್ಣಿನ ಬಲೆ ಹರಡಿರುತ್ತದೆ. ಕೆಲವದರಲ್ಲಿ ಕಣ್ಣುಗಳು ಎಲ್ಲಾ ದಿಕ್ಕಿಗೂ ಸಮ, ಕೆಲವದರಲ್ಲಿ ಅಡ್ಡಕ್ಕೆ ಎಳೆದ ಹಾಗೆ. ಕೆಲವು ಜೀರುಂಡೆಗಳ ಮೇಲೆ ಕಾಮನಬಿಲ್ಲಿನ ಬಣ್ಣ ಆಡುತ್ತದಲ್ಲ, ಅದಕ್ಕೆ ಕಾರಣ ತುಂಬ ಒತ್ತೊತ್ತಾದ ಅಡ್ಡಗೆರೆಗಳು. ಅಲ್ಲಿ ಬಣ್ಣ ಹಚ್ಚಿದ್ದೇನೂ ಇಲ್ಲ.

ಗಂಡಿನ ಅಂಗ ಬಿಡಿಸುವುದು

ಹೊರಗಿನಿಂದ ಅವಳಿಯಂತೆ ಕಾಣುವ ಎರಡು ಪ್ರಭೇದಗಳು ಒಳಗೆ ಬೇರೆಯಾಗಿರುತ್ತವೆ. ಗಂಡಿನ ಜನನಾಂಗ, ಅಂದರೆ ಈಡಿಯಾಗಸ್, ನೆಲಜೀರುಂಡೆಗಳ ಲೋಕದಲ್ಲಿ ಬಹಳ ಸಲ ಕೊನೆಯ ತೀರ್ಪು ಕೊಡುತ್ತದೆ. ಇದನ್ನು ಬಿಡಿಸಲು ಕಲಿಯದೆ ಹೊಸ ಪ್ರಭೇದದ ಮಾತಾಡುವುದು ಕಷ್ಟ. ಮೊದಲು ಸಾಮಾನ್ಯ ಪ್ರಭೇದದ ಇಪ್ಪತ್ತು ಮೂವತ್ತು ಗಂಡುಗಳ ಮೇಲೆ ಕೈ ಪಳಗಿಸಿಕೊಳ್ಳಿ.

ಒಣಗಿದ ಜೀರುಂಡೆಯನ್ನು ಬಿಸಿನೀರಿನಲ್ಲಿ, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸಿಡಿ. ಸಣ್ಣದಾದರೆ ಕೆಲವು ಗಂಟೆ, ದೊಡ್ಡದಾದರೆ ಒಂದು ರಾತ್ರಿ. ಕಾಲನ್ನು ಮುಟ್ಟಿದರೆ ತಡೆಯಿಲ್ಲದೆ ಬಾಗಬೇಕು, ಆಗ ಸಿದ್ಧ. ಎಡಗೈಯ ಚಿಮಟದಲ್ಲಿ ಮೈಯನ್ನು ಮೆಲ್ಲಗೆ ಹಿಡಿದುಕೊಳ್ಳಿ. ಬಲಗೈಯಲ್ಲಿ ತುದಿ ಬಗ್ಗಿಸಿ ಕೊಕ್ಕೆ ಮಾಡಿದ ಅತಿ ಸಣ್ಣ ಪಿನ್. ಅದನ್ನು ಹೊಟ್ಟೆಯ ತುದಿಯ ಸೀಳಿನಿಂದ ಒಳಗೆ ಬಿಟ್ಟು, ಗೋಡೆಗೆ ತಾಗಿದ ಹಾಗೆ ಸರಿಸಿ, ಸ್ವಲ್ಪ ತಿರುಗಿಸಿ ಎಳೆಯಿರಿ. ಸುತ್ತಲಿನ ಪೊರೆ ಹರಿದು, ಬಾಗಿದ ಕಂದು ಕೊಳವೆಯೊಂದು ಹೊರಬರುತ್ತದೆ. ಜೋರು ಮಾಡಿದರೆ ತುದಿ ಮುರಿಯುತ್ತದೆ, ಅದೇ ನಮಗೆ ಅತಿ ಮುಖ್ಯವಾದ ಭಾಗ. ಬರದಿದ್ದರೆ ಮತ್ತೆ ನೆನೆಸಿ. ಅವಸರಪಟ್ಟು ಒಂದೇ ಗಂಡನ್ನು ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ.

ಹೊರಬಂದದ್ದನ್ನು ಶೇಕಡಾ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿದರೆ ಅಂಟಿದ ಮಾಂಸ ಕರಗುತ್ತದೆ. ಬೆಚ್ಚಗೆ ಮಾಡಿದರೆ ಕೆಲವು ನಿಮಿಷ, ಹಾಗೇ ಬಿಟ್ಟರೆ ಒಂದು ರಾತ್ರಿ. ಈ ದ್ರಾವಣ ಚರ್ಮಕ್ಕೂ ಕಣ್ಣಿಗೂ ಅಪಾಯ, ಕನ್ನಡಕ ಕೈಗವಸು ಬೇಕೇ ಬೇಕು. ಪದೇ ಪದೇ ನೋಡುತ್ತಿರಿ, ಅತಿಯಾದರೆ ಬಣ್ಣವೆಲ್ಲ ಹೋಗಿ ಗಾಜಿನಂತಾಗಿಬಿಡುತ್ತದೆ. ಆಮೇಲೆ ನೀರಲ್ಲಿ ತೊಳೆದು ಗ್ಲಿಸರಿನ್‌ಗೆ ಹಾಕಿ.

ಈಗ ಪಕ್ಕದಿಂದ ನೋಡಿ, ಮೇಲಿನಿಂದ ನೋಡಿ. ತುದಿ ಮೊಂಡೋ ಚೂಪೋ, ಕೊಕ್ಕಿನಂತೆ ಬಾಗಿದೆಯೋ, ಪಕ್ಕದ ಎರಡು ತುಂಡುಗಳು ಒಂದೇ ಅಳತೆಯೋ ಅಲ್ಲವೋ. ಕೊಳವೆಯೊಳಗೆ ಮಡಚಿಕೊಂಡ ಒಂದು ಚೀಲ ಇರುತ್ತದೆ, ಜೋಡಿಯಾಗುವಾಗ ಅದು ಒಳಹೊರಗಾಗಿ ಉಬ್ಬುತ್ತದೆ. ಅದರೊಳಗಿನ ಮುಳ್ಳು, ತಟ್ಟೆಗಳು ಗ್ಲಿಸರಿನ್‌ನಲ್ಲಿ ನೆರಳಿನಂತೆ ಕಾಣುತ್ತವೆ. ಒಂದು ಎಚ್ಚರಿಕೆ: ಅಂಗವನ್ನು ಹತ್ತು ಡಿಗ್ರಿ ತಿರುಗಿಸಿದರೂ ತುದಿಯ ಆಕಾರ ಬೇರೆಯಾಗಿ ಕಾಣುತ್ತದೆ. ಹೋಲಿಸುವ ಎಲ್ಲವನ್ನೂ ಒಂದೇ ಕೋನದಲ್ಲಿ ಇಟ್ಟು ಚಿತ್ರಿಸಿ. ಹಳೆಯ ಚಿತ್ರಗಳ ನಡುವೆ ಕಂಡ ಎಷ್ಟೋ "ವ್ಯತ್ಯಾಸ" ಬರೀ ಕೋನದ ವ್ಯತ್ಯಾಸವಾಗಿತ್ತು.

ಕೆಲಸ ಮುಗಿದ ಮೇಲೆ ಅಂಗವನ್ನು ಗ್ಲಿಸರಿನ್ ತುಂಬಿದ ಪುಟ್ಟ ಕೊಳವೆಯಲ್ಲಿ ಹಾಕಿ, ಅದೇ ಜೀರುಂಡೆಯ ಪಿನ್ನಿಗೆ ಚುಚ್ಚಿ. ಬೇರೆ ಡಬ್ಬಿಯಲ್ಲಿ ಇಡಬೇಡಿ, ಇಂದಲ್ಲ ನಾಳೆ ಅದಲುಬದಲಾಗುತ್ತದೆ. ಹೆಣ್ಣಿನ ಮೊಟ್ಟೆಯಿಡುವ ಅಂಗವನ್ನೂ ವೀರ್ಯದ ಚೀಲವನ್ನೂ ಹೀಗೆಯೇ ಬಿಡಿಸಿ ನೋಡಬೇಕು.

ಡಿಎನ್‌ಎ ಬಗ್ಗೆ ಎರಡು ಮಾತು. ಒಂದು ಕಾಲು ಸಾಕು, ಪ್ರಭೇದ ಗುರುತಿಸಲು ಸಾಮಾನ್ಯವಾಗಿ ಬಳಸುವ ಸಿಒಐ ಜೀನ್‌ನ 658 ಅಕ್ಷರಗಳ ತುಂಡನ್ನು ಓದಿಸಿ ಹೋಲಿಸಬಹುದು. ಹೆಸರಿಡಲು ಇದು ಕಡ್ಡಾಯವಲ್ಲ. ಒಳ್ಳೆಯ ಬೆಂಬಲ, ಅಷ್ಟೇ. ಕೂದಲು, ಅಂಗ, ಡಿಎನ್‌ಎ ಮೂರೂ ಒಂದೇ ಕಡೆ ಬೆರಳು ತೋರಿಸಿದರೆ ನಿಮ್ಮ ಮಾತು ಗಟ್ಟಿ. ಡಿಎನ್‌ಎ ಮಾತ್ರ ಬೇರೆ ಹೇಳುತ್ತಿದ್ದರೆ ತಡೆಯಿರಿ, ಇನ್ನಷ್ಟು ಮಾದರಿ ನೋಡಿ.

ಅಳತೆ ಮತ್ತು ಚಿತ್ರ

ಒಟ್ಟು ಉದ್ದ, ಪ್ರೊನೋಟಮ್‌ನ ಉದ್ದ ಅಗಲ, ಎಲಿಟ್ರಾದ ಉದ್ದ ಅಗಲ ಅಳೆಯಿರಿ. ಎಲ್ಲಿಂದ ಎಲ್ಲಿಗೆ ಅಳೆದಿರಿ ಅಂತ ಬರೆಯಿರಿ, ಕೆಲವರು ದವಡೆಯ ತುದಿಯಿಂದ, ಕೆಲವರು ಮೇಲ್ದುಟಿಯಿಂದ ಅಳೆಯುತ್ತಾರೆ. ತಲೆ ಚಾಚಿದೆಯೋ ಒಳಗೆ ಸೇರಿದೆಯೋ ಅನ್ನುವುದರ ಮೇಲೆ ಒಟ್ಟು ಉದ್ದ ಬದಲಾಗುತ್ತದೆ. ಹಾಗಾಗಿ ಅಗಲವನ್ನು ಉದ್ದದಿಂದ ಭಾಗಿಸಿದ ಅನುಪಾತವೇ ಹೆಚ್ಚು ನಂಬಿಕೆಯದು. ಎಷ್ಟು ಮಾದರಿ ಅಳೆದಿರಿ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಕೊಡಿ. ಫೋಟೋವನ್ನು ಬೇರೆ ಬೇರೆ ಆಳದಲ್ಲಿ ತೆಗೆದು ಜೋಡಿಸಿ. ಅಳತೆಪಟ್ಟಿ ಮರೆಯಬೇಡಿ.

ಬರೆಯಲು ಕೂತಾಗ

ಲೇಖನದಲ್ಲಿ ಎರಡು ಭಾಗಗಳನ್ನು ಬೇರೆ ಬೇರೆ ಇಡಬೇಕು. ಒಂದು, ಪೂರ್ತಿ ವಿವರಣೆ. ಇನ್ನೊಂದು, ಡಯಾಗ್ನೋಸಿಸ್, ಅಂದರೆ ನಂಟರಿಂದ ಬೇರ್ಪಡಿಸುವ ಗುರುತುಗಳು. ನಾನು ಯಾವಾಗಲೂ ಡಯಾಗ್ನೋಸಿಸ್ ಮೊದಲು ಬರೆಯುತ್ತೇನೆ. ಅದು ಬರೆಯಲು ಬರದಿದ್ದರೆ ಪ್ರಭೇದ ಇನ್ನೂ ನನ್ನ ಕೈಗೆ ಸಿಕ್ಕಿಲ್ಲ ಅಂತಲೇ ಅರ್ಥ.

ಸಡಿಲವಾಗಿ ಬರೆದರೆ ಹೀಗಿರುತ್ತದೆ: "ಮಧ್ಯಮ ಗಾತ್ರ, ಕಪ್ಪು ಬಣ್ಣ, ಪ್ರೊನೋಟಮ್ ಸ್ವಲ್ಪ ಅಗಲ, ಈಡಿಯಾಗಸ್‌ನ ಆಕಾರದಿಂದ ಬೇರೆ." ಓದಿದವರಿಗೆ ಏನೂ ಸಿಗಲಿಲ್ಲ. ಬಿಗಿಯಾಗಿ ಬರೆದರೆ: "ಕಣ್ಣಿನ ಮೇಲೆ ಒಂದೇ ಕೂದಲು ಇರುವುದರಿಂದ ಕುಲದ ಉಳಿದೆಲ್ಲ ಪ್ರಭೇದಗಳಿಂದ ಬೇರೆ, ಅವುಗಳಲ್ಲಿ ಎರಡು. ಅತಿ ಹತ್ತಿರದ ಪ್ರಭೇದದಲ್ಲಿ ಪ್ರೊನೋಟಮ್‌ನ ಹಿಂದಿನ ಮೂಲೆ ದುಂಡಗೆ, ಇದರಲ್ಲಿ ಲಂಬಕೋನವಾಗಿ ಹೊರಕ್ಕೆ ಚಾಚಿದ ಹಲ್ಲಿನೊಡನೆ. ಈಡಿಯಾಗಸ್‌ನ ತುದಿ ಪಕ್ಕದಿಂದ ನೋಡಿದಾಗ ಕೆಳಕ್ಕೆ ಕೊಕ್ಕೆಯಂತೆ ಬಾಗಿದೆ, ಅದರಲ್ಲಿ ನೇರ." ಯಾವ ಲಕ್ಷಣ, ಇದರಲ್ಲಿ ಹೇಗೆ, ಅದರಲ್ಲಿ ಹೇಗೆ, ಮೂರೂ ಬಂದವು. ನೂರು ವರ್ಷ ಕಳೆದು ಯಾರೋ ಒಬ್ಬರು ಇಂಥದ್ದೇ ಜೀರುಂಡೆ ಹಿಡಿದು ಈ ಸಾಲು ಓದಿದರೆ ಸೂಕ್ಷ್ಮದರ್ಶಕದತ್ತ ತಿರುಗಿ ಹೌದು ಅಥವಾ ಅಲ್ಲ ಅಂತ ಹೇಳಬಲ್ಲರು.

ಪೂರ್ತಿ ವಿವರಣೆಗೆ ತಲೆಯಿಂದ ಹೊಟ್ಟೆಯ ತುದಿಯವರೆಗೆ ಒಂದೇ ಕ್ರಮ ಇಟ್ಟುಕೊಳ್ಳಿ. ಕುಲದ ಎಲ್ಲದರಲ್ಲೂ ಇರುವ ಲಕ್ಷಣಗಳನ್ನು ಮತ್ತೆ ಮತ್ತೆ ಬರೆದು ಪುಟ ತುಂಬಿಸಬೇಡಿ. ಮಾದರಿಗಳ ನಡುವಿನ ಏರುಪೇರನ್ನು ಮುಚ್ಚಿಡಬೇಡಿ, ಅದಕ್ಕೆ ಬೇರೆ ಪ್ಯಾರಾ ಕೊಡಿ. ಜೀರುಂಡೆ ಎಲ್ಲಿ, ಯಾವ ತಿಂಗಳು, ಯಾವ ಮಣ್ಣಿನಲ್ಲಿ, ಯಾರ ಜೊತೆ ಸಿಕ್ಕಿತು ಅಂತ ಬರೆಯಿರಿ. ಹಾಗೆಯೇ, ಇರುವ ಗುರುತಿನ ಕೀಲಿಯಲ್ಲಿ ನಿಮ್ಮ ಪ್ರಭೇದ ಎಲ್ಲಿ ಕೂರುತ್ತದೆ ಅಂತ ತಿದ್ದಿ ತೋರಿಸಿ. ಓದುವವರಲ್ಲಿ ಹೆಚ್ಚಿನವರು ತೆರೆಯುವುದು ಆ ಪುಟವನ್ನೇ.

ಹೋಲೋಟೈಪ್

ನಿಮ್ಮ ಮಾದರಿಗಳಲ್ಲಿ ಒಂದನ್ನು, ಒಂದನ್ನೇ, ಆರಿಸಬೇಕು. ಹೆಸರು ಇನ್ನು ಮುಂದೆ ಅದಕ್ಕೆ ಕಟ್ಟಿಹಾಕಿದ ಹಾಗೆ. ಮುಂದೆ ನಿಮ್ಮ ಮಾದರಿಗಳಲ್ಲಿ ಎರಡು ಪ್ರಭೇದ ಬೆರೆತಿತ್ತು ಅಂತ ಗೊತ್ತಾದರೂ ಹೆಸರು ಹೋಲೋಟೈಪ್ ಇರುವ ಕಡೆಗೇ ಹೋಗುತ್ತದೆ. ಅಂಗದಿಂದ ಗುರುತು ಹಿಡಿಯುವ ಗುಂಪು ಆದ್ದರಿಂದ ಗಂಡನ್ನೇ ಆರಿಸಿ. ಮೀಸೆ, ಕಾಲು, ಕೂದಲು ಪೂರ್ತಿ ಇರಲಿ. ಕೆಂಪು ಚೀಟಿ ಹಚ್ಚುವುದು ರೂಢಿ. ಉಳಿದವು ಪ್ಯಾರಾಟೈಪ್, ಅವಕ್ಕೆ ಹೆಚ್ಚಾಗಿ ಹಳದಿ ಚೀಟಿ. ಹೋಲೋಟೈಪ್‌ನ ಎಲ್ಲಾ ಚೀಟಿಗಳನ್ನೂ ಇದ್ದದ್ದು ಇದ್ದ ಹಾಗೇ, ಕಾಗುಣಿತದ ತಪ್ಪು ಸಹಿತ, ಲೇಖನದಲ್ಲಿ ನಕಲು ಮಾಡಿ. ಮುಂದೆ ಆ ಮಾದರಿಯನ್ನು ಹುಡುಕುವವರಿಗೆ ಅದೇ ಗುರುತು.

ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹೋಲೋಟೈಪ್ ಇಟ್ಟುಕೊಳ್ಳಬೇಡಿ. ಎಷ್ಟು ಪ್ರೀತಿಯಿಂದ ನೋಡಿಕೊಂಡರೂ ನಮ್ಮ ಆಯಸ್ಸಿಗೆ ಮಿತಿ ಇದೆ.

ಹೆಸರು

ಕುಲದ ಹೆಸರಿಗೆ ಲ್ಯಾಟಿನ್ ವ್ಯಾಕರಣದಲ್ಲಿ ಲಿಂಗ ಇದೆ. ಪ್ರಭೇದದ ಹೆಸರು ಗುಣವಾಚಕವಾಗಿದ್ದರೆ ಅದಕ್ಕೆ ಹೊಂದಬೇಕು. ಕಪ್ಪು ಅನ್ನಲು ಕ್ಯಾರಾಬಸ್ ಕುಲದಲ್ಲಿ ನೈಗರ್, ಅಮಾರಾದಲ್ಲಿ ನೈಗ್ರಾ, ಬೆಂಬಿಡಿಯಾನ್‌ನಲ್ಲಿ ನೈಗ್ರಮ್ ಆಗುತ್ತದೆ. ನಾಮಪದವನ್ನೇ ಹೆಸರಾಗಿಟ್ಟರೆ ಈ ತೊಡಕಿಲ್ಲ. ಗಂಡಸಿನ ಗೌರವಕ್ಕಾದರೆ ಕೊನೆಗೆ "ಇ", ಹೆಂಗಸಿಗಾದರೆ "ಏ" ಅಂತ ಸೇರಿಸುವುದು ಸಾಮಾನ್ಯ ಪದ್ಧತಿ. ಕೀಟಶಾಸ್ತ್ರಜ್ಞ ಟೆರ್ರಿ ಅರ್ವಿನ್ ಅವರು 2002ರಲ್ಲಿ ಅಗ್ರಾ ಕುಲದ ಒಂದು ಜೀರುಂಡೆಗೆ ನಟ ಶ್ವಾರ್ಜೆನೆಗ್ಗರ್ ನೆನಪಿನಲ್ಲಿ ಅಗ್ರಾ ಶ್ವಾರ್ಜೆನೆಗ್ಗೆರಿ ಅಂತ ಹೆಸರಿಟ್ಟರು. ಅದರ ಗಂಡಿನ ತೊಡೆ ಕಟ್ಟುಮಸ್ತಾಗಿ ಉಬ್ಬಿರುತ್ತದೆ. ಅದೇ ವರ್ಷ ನಟಿ ಕೇಟ್ ವಿನ್ಸ್ಲೆಟ್ ಹೆಸರಿನ ಅಗ್ರಾ ಕೇಟ್‌ವಿನ್ಸ್ಲೆಟೇ ಕೂಡ ಬಂತು. ಎರಡು ಹೆಸರಿನಲ್ಲೂ ಕೊನೆಯ ಅಕ್ಷರ ನೋಡಿ.

ಅದೇ ಕುಲದಲ್ಲಿ ಆ ಹೆಸರು ಮೊದಲೇ ಇರಬಾರದು. ಹೆಸರು ಲ್ಯಾಟಿನ್ ಲಿಪಿಯಲ್ಲೇ ಇರಬೇಕು, ಅಂಕಿ, ಅಕ್ಷರದ ಮೇಲಿನ ಚುಕ್ಕೆ ಗೆರೆಗಳು ಕೂಡದು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದನ್ನು ನಿಯಮ ತಡೆಯುವುದಿಲ್ಲ, ಆದರೆ ಯಾರೂ ಮಾಡುವುದಿಲ್ಲ, ಮಾಡಲೂಬಾರದು.

ಹೆಸರಿಡುವ ಮುನ್ನ ಒಂದು ರಾತ್ರಿ ನಿದ್ದೆ ಮಾಡಿ ಯೋಚಿಸಿ. 1937ರಲ್ಲಿ ಸ್ಲೊವೇನಿಯಾದ ಗುಹೆಯ ಕಣ್ಣಿಲ್ಲದ ಒಂದು ನೆಲಜೀರುಂಡೆಗೆ ಹಿಟ್ಲರ್‌ನ ಹೆಸರು ಇಟ್ಟರು: ಅನೋಫ್ತಾಲ್ಮಸ್ ಹಿಟ್ಲೆರಿ. ಒಮ್ಮೆ ಸರಿಯಾಗಿ ಪ್ರಕಟವಾದ ಹೆಸರನ್ನು ಇಷ್ಟವಿಲ್ಲ ಅಂತ ಬದಲಿಸಲು ಬರುವುದಿಲ್ಲ. ಇಂದಿಗೂ ಅದೇ ಹೆಸರು. ಅಷ್ಟೇ ಅಲ್ಲ, ಆ ಹೆಸರಿನ ಹುಚ್ಚಿಗೆ ಸಂಗ್ರಹಕಾರರು ಜೀರುಂಡೆಯನ್ನು ಕದ್ದು ಹಿಡಿದು ಮಾರುತ್ತಾರೆ. ತನ್ನದಲ್ಲದ ಕಾರಣಕ್ಕೆ ಒಂದು ಜೀವ ತೊಂದರೆಗೆ ಬಿತ್ತು.

ಅಚ್ಚಿಗೆ ಕೊಡುವ ಮುನ್ನ

ಅಂತರರಾಷ್ಟ್ರೀಯ ಪ್ರಾಣಿನಾಮ ನಿಯಮಾವಳಿಯ ನಾಲ್ಕನೇ ಆವೃತ್ತಿ 2000ದ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ ನಿಮ್ಮ ಬರಹದಲ್ಲಿ ಇದು ಹೊಸ ಪ್ರಭೇದ ಎಂದು ಸ್ಪಷ್ಟವಾಗಿ ಹೇಳಿರಬೇಕು. ಬೇರ್ಪಡಿಸುವ ಲಕ್ಷಣಗಳು ಪದಗಳಲ್ಲಿ ಇರಬೇಕು, ಬರೀ ಚಿತ್ರ ಸಾಲದು. ಹೋಲೋಟೈಪ್ ಯಾವುದು, ಯಾವ ಊರಿನ ಯಾವ ಸಂಗ್ರಹದಲ್ಲಿ ಇಡುತ್ತೀರಿ ಅಂತ ಬರೆದಿರಬೇಕು. 2012ರ ತಿದ್ದುಪಡಿಯ ನಂತರ ಕಾಗದದಲ್ಲಿ ಬಾರದ, ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಗಳಿಗೂ ಮಾನ್ಯತೆ ಸಿಕ್ಕಿದೆ. ಆದರೆ ಅಂಥ ಲೇಖನವನ್ನು ಮೊದಲೇ ಪ್ರಾಣಿಗಳ ಹೆಸರಿನ ಅಧಿಕೃತ ಆನ್‌ಲೈನ್ ನೋಂದಣಿಯಾದ ಜೂಬ್ಯಾಂಕ್‌ನಲ್ಲಿ ನೋಂದಾಯಿಸಿ, ಆ ನೋಂದಣಿಯ ಗುರುತನ್ನೂ ಪ್ರಕಟಣೆಯ ದಿನಾಂಕವನ್ನೂ ಲೇಖನದೊಳಗೆ ಅಚ್ಚು ಹಾಕಿರಬೇಕು. ಹೊಸ ಪ್ರಭೇದಗಳನ್ನು ಪ್ರಕಟಿಸುವ ಜೂಟ್ಯಾಕ್ಸಾ 2001ರಿಂದ, ಜೂಕೀಸ್ 2008ರಿಂದ ನಡೆಯುತ್ತಿವೆ. ಇವುಗಳ ಹಳೆಯ ಸಂಚಿಕೆಗಳಲ್ಲಿ ನಿಮ್ಮದೇ ಬುಡಕಟ್ಟಿನ ನಾಲ್ಕೈದು ಲೇಖನ ಓದಿದರೆ ಅಂದಾಜು ಸಿಗುತ್ತದೆ.

ಅಚ್ಚಾಗುವವರೆಗೆ ಹೊಸ ಹೆಸರನ್ನು ಎಲ್ಲೂ ಬಾಯಿಬಿಡಬೇಡಿ. ಸಮ್ಮೇಳನದ ಪೋಸ್ಟರ್‌ನಲ್ಲಿ ಬೇಡ, ಫೋಟೋದ ಅಡಿಯಲ್ಲಿ ಬೇಡ, ಫೈಲಿನ ಹೆಸರಲ್ಲೂ ಬೇಡ. ವಿವರಣೆ ಇಲ್ಲದೆ ಹೊರಬಿದ್ದ ಹೆಸರಿಗೆ ಬೆಲೆಯಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಸುಮ್ನೆ "ಪ್ರಭೇದ 1" ಅಂತ ಬರೆದುಕೊಳ್ಳಿ. ಕಳಿಸುವ ಮುನ್ನ ಆ ಗುಂಪು ಗೊತ್ತಿರುವ ಒಬ್ಬರಿಗಾದರೂ ಓದಲು ಕೊಡಿ, ಜೊತೆಗೆ ಒಂದು ಮಾದರಿಯನ್ನೂ ಕೊಡಿ. ನೀವು ಬರೆದ ಡಯಾಗ್ನೋಸಿಸ್ ಹಿಡಿದು ಅವರು ಅದನ್ನು ಗುರುತಿಸಬಲ್ಲರೇ ನೋಡಿ. ತಡವರಿಸಿದರೆ ಆ ಸಾಲನ್ನು ತಿದ್ದಬೇಕು.

ಲೇಖನ ಬಂದ ಮೇಲೆ ಹೋಲೋಟೈಪನ್ನು ಮಾತು ಕೊಟ್ಟ ಸಂಗ್ರಹಾಲಯಕ್ಕೆ ತಲುಪಿಸಿ. ಪ್ಯಾರಾಟೈಪ್‌ಗಳನ್ನು ಎರಡು ಮೂರು ಬೇರೆ ಬೇರೆ ಊರಿನ ಸಂಗ್ರಹಗಳಿಗೆ ಹಂಚಿ, ಒಂದು ಕಡೆ ಬೆಂಕಿಯೋ ನೀರೋ ನುಗ್ಗಿದರೆ ಇನ್ನೊಂದು ಕಡೆ ಉಳಿದಿರುತ್ತದೆ. ಕೈಯಾರೆ ಕೊಂಡೊಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಅಂಚೆಯಲ್ಲೇ ಕಳಿಸಬೇಕಾದರೆ ಪಿನ್ನನ್ನು ದಪ್ಪ ಫೋಮಿನಲ್ಲಿ ಆಳಕ್ಕೆ ಚುಚ್ಚಿ. ಜೀರುಂಡೆ ಸುತ್ತಿ ತಿರುಗದ ಹಾಗೆ ಅದರ ಎರಡೂ ಮಗ್ಗುಲಿಗೆ ಒಂದೊಂದು ಅಡ್ಡ ಪಿನ್ ನಿಲ್ಲಿಸಿ. ಗ್ಲಿಸರಿನ್ ಕೊಳವೆಯ ಬಿರಡೆ ಬಿಗಿಯಾಗಿದೆಯೇ ಇನ್ನೊಮ್ಮೆ ನೋಡಿ. ಆ ಪೆಟ್ಟಿಗೆಯನ್ನು ಅದಕ್ಕಿಂತ ದೊಡ್ಡ ಪೆಟ್ಟಿಗೆಯಲ್ಲಿ, ಸುತ್ತ ಮೆತ್ತನೆಯ ಕಾಗದ ತುಂಬಿ ಇಡಿ. ತಲುಪಿದ ಮೇಲೆ ಅವರು ಕೊಡುವ ನೋಂದಣಿ ಸಂಖ್ಯೆಯನ್ನು ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ, ಕೂದಲು ಎಣಿಸಿದ ಆ ಮೊದಲ ದಿನದ ಪುಟದಲ್ಲೇ ಬರೆದಿಡಿ.